ಕ್ಲೈವನ ಕೈಗೆ ಸಿಕ್ಕ ಅತ್ತಿಗಿಡ

ನಮ್ಮ ಬ್ಯಾಲರಟ್ ಊರಿನ ಬೌಲ್ಸ್ ಕ್ಲಬ್ಬಿನಲ್ಲಿ ಭಾರದ ಚೆಂಡು ಉರುಳಿಸಿ ಆಡುವ ಹುಲ್ಲುಹಾಸನ್ನು ನೋಡಿಕೊಳ್ಳುವವನು ಕ್ಲೈವ್ ಟ್ರೆಂಬತ್. ಆಟಗಾರರು ಚೆಂಡನ್ನು ಉರುಳಿಸದೆ ಧೊಪ್ಪೆಂದು ಹಾಕಿದರೆ ಅವನಿಗೆ ತನ್ನ ಬೆನ್ನಿಗೇ ಬಿದ್ದಂತಾಗುತ್ತದೆ. ಮಣ್ಣಿನಿಂದ ಮೇಲೆ ಬಂದ ಯಾವುದರ ಬಗ್ಗೆಯೂ ಕೊನೆಯ ಮಾತು ತನ್ನದೇ ಎಂದು ಅವನು ನಂಬಿದ್ದ. ನಾವೂ ನಂಬಿದ್ದೆವು, ನಂಬದಿದ್ದರೆ ಅವನು ವಿವರಿಸಲು ಶುರುಮಾಡುತ್ತಿದ್ದ.

ಹೋದ ಚಳಿಗಾಲದಲ್ಲಿ ಅವನ ಹೆಂಡತಿ ನೊಲೀನ್, ಮಗಳ ಹೆರಿಗೆಗೆಂದು ಪರ್ತ್‌ಗೆ ಹೊರಟಳು. ನಡುಮನೆಯ ಕಿಟಕಿಯ ಪಕ್ಕದ ಕುಂಡದಲ್ಲಿ ಅವಳದೊಂದು ಅತ್ತಿಗಿಡ. ಹಣ್ಣಿನ ಅತ್ತಿಯಲ್ಲ, ಆಲ, ಅತ್ತಿಗಳ ಬಳಗದ್ದೇ ಒಂದು ಅಲಂಕಾರದ ಗಿಡ. ಎಲೆ ಮಾತ್ರ ಊಟದ ತಟ್ಟೆಯಷ್ಟು ದೊಡ್ಡದು, ಪಿಟೀಲಿನ ಹಾಗೆ ನಡು ಸಣ್ಣದು. ಅವಳ ತಾಯಿ ವೃದ್ಧಾಶ್ರಮದ ಕೋಣೆಯಲ್ಲಿ ಸಾಕಿದ್ದ ಗಿಡ ಅದು. ತಾಯಿ ತೀರಿಹೋದಾಗ ಆ ಕೋಣೆಯಿಂದ ನೊಲೀನ್ ಮನೆಗೆ ತಂದದ್ದು ಅದೊಂದನ್ನೇ.

"ಮಣ್ಣು ಒಣಗಿದ್ರೆ ನೀರು ಹಾಕು. ಅದು ಬಿಟ್ಟು ಮುಟ್ಟೋಕೆ ಹೋಗ್ಬೇಡ," ಎಂದಳು ಹೊರಡುವಾಗ.

"ಯಾರಿಗೆ ಹೇಳ್ತಿದೀಯ ನೊಲೀನ್?"

"ನಿಂಗೇ."

ಚಳಿಗಾಲದಲ್ಲಿ ಹುಲ್ಲುಹಾಸು ಮುಚ್ಚಿರುತ್ತದೆ. ಕೆಲಸವಿಲ್ಲದ ಕ್ಲೈವನ ಗಮನವೆಲ್ಲ ಪಾಪ ಆ ಒಂದು ಗಿಡದ ಮೇಲೆ ಬಿತ್ತು. ಹುಲ್ಲುಹಾಸಿನ ಮೊದಲ ಪಾಠವೆಂದರೆ, ಒಂದೇ ಜಾಗದಲ್ಲಿ ಆಡಿದರೆ ಹುಲ್ಲು ಸವೆಯುತ್ತದೆ. ಆಟದ ಪಟ್ಟೆಗಳನ್ನು ದಿನಾ ಸರಿಸಬೇಕು, ದಿಕ್ಕು ಬದಲಿಸಬೇಕು. ಅವನು ಕುಂಡವನ್ನು ಗಾಲಿಯ ಹಲಗೆಯ ಮೇಲೆ ಏರಿಸಿದ. ಬೆಳಿಗ್ಗೆ ಪೂರ್ವದ ಕಿಟಕಿ, ಮಧ್ಯಾಹ್ನ ಅಡುಗೆಮನೆ, ಸಂಜೆ ಹೀಟರಿನ ಬೆಚ್ಚನೆ ಗಾಳಿ. ಮರುದಿನ ಎಲ್ಲ ತಿರುಗುಮುರುಗು.

ಎಲೆ ಉದುರತೊಡಗಿತು. ಹಳದಿಯೂ ಆಗದೆ, ಹಸಿರಾಗಿದ್ದಾಗಲೇ, ರಾಜೀನಾಮೆ ಕೊಟ್ಟ ಹಾಗೆ. ಕ್ಲೈವ್ ಮಣ್ಣಿಗೆ ಬೆರಳು ಹಾಕಿ ನೋಡಿದ, ಮೂಸಿದ, ಭೂತಗನ್ನಡಿ ಹಿಡಿದು ಹುಳು ಹುಡುಕಿದ. ಹುಳುವಿಲ್ಲ. ಹುಳುವಾದರೂ ಇದ್ದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಕಾಂಡದ ಕೆಳಭಾಗ ಪೂರ್ತಿ ಬೋಳಾದ ದಿನ, ಉದುರಿದ ಎಲೆಯೊಂದನ್ನು ಹಿಡಿದು ಕ್ಲಬ್ಬಿಗೆ ಬಂದ. ಬಾರಿನ ಕೌಂಟರಿನ ಹಿಂದೆ ನೈರಿ ಇದ್ದಳು. ನ್ಯೂಜಿಲೆಂಡಿನವಳು, ನಮ್ಮ ಖಜಾಂಚಿ.

"ಹೆಣಾನ ಇಲ್ಲಿಗ್ಯಾಕೆ ತಂದ್ಯೋ ಮಾರಾಯ, ಜನ ಪೈ ತಿನ್ನೋ ಹೊತ್ತು!"

"ತಮಾಷೆ ಬೇಡ ನೈರಿ. ನೊಲೀನ್ ಬರೋ ಹೊತ್ತಿಗೆ ಬರೀ ಕೋಲು ಉಳಿಯುತ್ತೆ. ಅವರಮ್ಮನ ಗಿಡ."

ನೈರಿ ಲೋಟ ಒರೆಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. "ಏನ್ಮಾಡ್ದೆ ಅದಕ್ಕೆ?"

"ಏನೂ ಇಲ್ಲ! ಹುಲ್ಲನ್ನ ನೋಡಿಕೊಂಡ ಹಾಗೇ ನೋಡಿಕೊಂಡಿದೀನಿ. ದಿನಾ ಜಾಗ ಸರಿಸ್ತೀನಿ."

"ಹುಲ್ಲನ್ನ ಯಾವತ್ತು ಸರಿಸಿದೀಯ? ಅದು ಇದ್ದಲ್ಲೇ ಇರುತ್ತೆ. ಆಡೋ ನಮ್ಮನ್ನ ತಾನೆ ನೀನು ಅತ್ತಿತ್ತ ಓಡಿಸೋದು!"

ಪಕ್ಕದಲ್ಲೇ ಕೂತಿದ್ದ ನಾನು ಕ್ಲೈವನ ವಿವರಣೆಗೆ ಕಾದೆ. ಅವನು ಕೈಯಲ್ಲಿದ್ದ ಎಲೆಯನ್ನು ತಿರುಗಿಸಿ ನೋಡಿದ. ಬಿಯರನ್ನು ಅರ್ಧಕ್ಕೇ ಬಿಟ್ಟು ಮನೆಗೆ ಹೋದ.

ಕಾರ್ಪೆಟ್ಟಿನ ಮೇಲೆ ಕುಂಡದ ಹಳೆಯ ಗುರುತು ಇನ್ನೂ ಇತ್ತು. ಅಲ್ಲೇ ಇಟ್ಟು, ಗಾಲಿಯ ಹಲಗೆಯನ್ನು ಶೆಡ್ಡಿಗೆ ಸಾಗಿಸಿದ. ಆಮೇಲಿನದು ಅವನ ಜೀವನದ ಅತಿ ಕಷ್ಟದ ಕೆಲಸ: ಸುಮ್ಮನಿರುವುದು. ನಾನು ಹೋದಾಗಲೆಲ್ಲ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗಿಡದ ಸುತ್ತ ತಿರುಗುತ್ತಿರುತ್ತಿದ್ದ. "ಇದಕ್ಕೆ ಕಣ್ಣಿಲ್ಲ, ಕಾಲಿಲ್ಲ. ಜಾಗ ಬದಲಾಯ್ತು ಅಂತ ಹೇಗಯ್ಯಾ ಗೊತ್ತಾಗುತ್ತೆ?" ಎಂದು ಒಮ್ಮೆ ನನ್ನನ್ನು ಕೇಳಿದ. ನನ್ನನ್ನು ಅವನು ಏನಾದರೂ ಕೇಳಿದ್ದು ಅದೇ ಮೊದಲು. ನನಗೂ ಗೊತ್ತಿರಲಿಲ್ಲ.

ನೊಲೀನ್ ಬಂದ ದಿನ ಅವಳ ಪೆಟ್ಟಿಗೆ ಹೊತ್ತು ಒಳಗೆ ಹೋದವನು ನಾನೇ. ಅವಳು ಕೋಟು ಬಿಚ್ಚದೆ ಗಿಡದ ಮುಂದೆ ನಿಂತಳು. ಕ್ಲೈವ್ ತಪ್ಪನ್ನು ಹವಾಮಾನದ ಮೇಲೆ ಹಾಕುತ್ತಾನೆ, ಇಲ್ಲವೇ ಹೀಟರಿನ ಮೇಲೆ, ಎಂದುಕೊಂಡೆ.

"ನಾನು ಮುಟ್ಟಿದೆ," ಎಂದ.

ನೊಲೀನ್ ಬಗ್ಗಿ ಬೋಳು ಕಾಂಡವನ್ನು ಸವರಿದಳು. ಮೇಲೆ ಕಂದು ಪೊರೆಯೊಂದು ಬಿರಿದು, ಎಣ್ಣೆ ಹಚ್ಚಿದಂತೆ ಮಿರುಗುವ ಪುಟ್ಟ ಎಲೆಯೊಂದು ಇಣುಕುತ್ತಿತ್ತು.

"ಇದು ಯಾವಾಗ ಬಂತು?"

"ಮುಟ್ಟೋದು ಬಿಟ್ಟ ಮೇಲೆ."

ಅವಳು ಅಡುಗೆಮನೆಗೆ ಹೋಗಿ ಒದ್ದೆ ಬಟ್ಟೆ ತಂದು ಅವನ ಕೈಗಿಟ್ಟಳು. "ದೊಡ್ಡ ಎಲೆಗಳ ಮೇಲೆ ಎಷ್ಟು ಧೂಳು ನೋಡು. ಒರೆಸು. ಅದು ಇದ್ದಲ್ಲೇ ಇರ್ಲಿ, ನೀನು ಸುತ್ತ ಬಾ."