ತೊಟ್ಟು ಬಿಡಿಸುವ ಕೈ

ಬ್ಯಾಡಗಿಯ ನಮ್ಮ ಪಕ್ಕದ ಮನೆಯಾಕೆ ಮೂವತ್ತು ವರ್ಷ ಮೆಣಸಿನಕಾಯಿಯ ತೊಟ್ಟು ಬಿಡಿಸಿದವಳು. ಹರಟೆಗೆ ಕೂತರೂ ಆಕೆಯ ಹೆಬ್ಬೆರಳು ಸೆರಗಿನ ಅಂಚನ್ನು ಚಿವುಟುತ್ತಲೇ ಇರುತ್ತಿತ್ತು. ಕೇಳಿದರೆ, "ಕೈ ಸುಮ್ಮನ ಕುಂದರಂಗಿಲ್ರಿ ಅಕ್ಕಾರ" ಎನ್ನುವಳು.

ಒಂದು ಬೇಸಿಗೆ ಮೇಡ್ಲೇರಿಯ ಪರಿಚಯದವರು, ಬೇಕಾದಷ್ಟು ಮಾವು ನೀವೇ ಕಿತ್ತುಕೊಳ್ಳಿ ಎಂದು ತೋಟಕ್ಕೆ ಕರೆದರು. ಆಕೆಯನ್ನೂ ಕರೆದೊಯ್ಯುವ ಬುದ್ಧಿ ನನಗೆ ಯಾಕೆ ಬಂತೋ. ತೊಟ್ಟು ಮುರಿದರೆ ಸೊನೆ ಸುರಿದು ಕಾಯಿ ಕೆಡುತ್ತದೆ, ಬೆರಳುದ್ದ ತೊಟ್ಟು ಇರಲಿ ಎಂದು ತೋಟದವರು ಹತ್ತು ಸಲ ಹೇಳಿದ್ದರು. ನಾನೂ ನನ್ನ ಗಂಡನೂ ಉರಿಬಿಸಿಲಿನಲ್ಲಿ ಏಣಿ ಹತ್ತಿ, ಒಂದೊಂದನ್ನೇ ಕತ್ತರಿಸಿ, ಕೂಸನ್ನು ಇಳಿಸಿದಂತೆ ಇಳಿಸಿ, ನೆರಳಿನಲ್ಲಿ ಕೂತಿದ್ದ ಆಕೆಯ ಮುಂದಿನ ಬುಟ್ಟಿಗೆ ಹಾಕಿದೆವು. ಮಧ್ಯಾಹ್ನ ಬುತ್ತಿ ಬಿಚ್ಚಲು ಬಂದು ನೋಡುತ್ತೇನೆ, ಒಂದು ಕಾಯಿಗೂ ತೊಟ್ಟಿಲ್ಲ. ಬುಟ್ಟಿಯ ತುಂಬ ಸೊನೆ. ಪಕ್ಕದಲ್ಲಿ ತೊಟ್ಟುಗಳದ್ದೇ ಒಂದು ನೀಟಾದ ಗುಡ್ಡೆ.

"ಯವ್ವಾ, ಇದೇನ್ ಮಾಡೀರಿ?"

ಆಕೆ ತನ್ನ ಕೈಯನ್ನೇ ನೋಡಿಕೊಂಡಳು. "ನಾ ಎಲ್ಲಿ ಮಾಡೇನ್ರಿ ಅಕ್ಕಾರ. ಕೈ ಸುಮ್ಮನ ಕುಂದರಂಗಿಲ್ರಿ."

ಹುಲ್ಲಿನಲ್ಲಿಟ್ಟ ಕಾಯಿಗಳು ಹಣ್ಣಾಗದೆ ಕಪ್ಪಾಗಿ ಕೊಳೆತವು. ಅವನ್ನು ತಿಪ್ಪೆಗೆ ಸುರಿದು ಬಂದ ದಿನವೇ ಆಕೆ, "ಹಣ್ಣಾದ್ವೇನ್ರಿ?" ಎನ್ನುತ್ತ ಬಂದು ಪಡಸಾಲೆಯಲ್ಲಿ ಕೂತಳು. ಈ ಸಲ ಬಿಡಬಾರದೆಂದು ಬಾಯಿ ತೆರೆದೆ. ಖಾರ ಕುಟ್ಟಿಸಲು ತಂದ ಹತ್ತು ಕಿಲೋ ಮೆಣಸಿನಕಾಯಿ, ತೊಟ್ಟು ಬಿಡಿಸದೆ ಮೂಲೆಯ ಚೀಲದಲ್ಲಿ ಹಾಗೇ ಇದ್ದದ್ದು ಕಣ್ಣಿಗೆ ಬಿತ್ತು.

ಬಾಯಿ ಮುಚ್ಚಿಕೊಂಡು ಚೀಲವನ್ನು ಆಕೆಯ ಮುಂದೆ ಎಳೆದೆ.