ಠಣ್ ಮೇಷ್ಟ್ರ ಕಿವಿ

ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಆದರೂ ಲಾರಿ ಬಿಡಿಭಾಗ ಮಾರುವ ಬೀದಿಯಲ್ಲಿ ಎಲ್ಲರ ಬಾಯಲ್ಲೂ ಅವರು ಠಣ್ ಮೇಷ್ಟ್ರೇ. ಕಂಪನಿಗಳು ಮಾಡುವುದನ್ನೇ ಬಿಟ್ಟ ಹಳೆಯ ಭಾರಿ ಲಾರಿಗಳ ಭಾಗಗಳನ್ನು ಹೊರದೇಶಗಳಲ್ಲಿ ಹುಡುಕಿ ತರಿಸುವುದು ಅವರ ಕಸುಬು. ಫೋಟೋ ನೋಡಿ ನಂಬುವ ಪೈಕಿ ಅಲ್ಲ. "ಬಣ್ಣ ಬಳಿದ್ರೆ ಮುದುಕನೂ ಮದುಮಗನೇ" ಎನ್ನುತ್ತಾರೆ. ಮಾರುವವನು ಫೋನಿನ ಮುಂದೆ ಆ ಕಬ್ಬಿಣವನ್ನು ಸುತ್ತಿಗೆಯಿಂದ ತಟ್ಟಬೇಕು, ಇವರು ಕಣ್ಣು ಮುಚ್ಚಿ ಕೇಳಬೇಕು. ಠಣ್ ಎಂದರೆ ಗಟ್ಟಿ, ಝರ್ ಎಂದರೆ ಬಿರುಕು. ಇಪ್ಪತ್ತೆರಡು ವರ್ಷಗಳಲ್ಲಿ ಈ ಕಿವಿ ಒಮ್ಮೆಯೂ ತಪ್ಪಿಲ್ಲ ಎಂದು ಅವರೇ ಹೇಳುತ್ತಾರೆ. ಅಡುಗೆಮನೆಯಿಂದ ತಾನು ಕೂಗಿದ್ದು ಮಾತ್ರ ಅದೇ ಕಿವಿಗೆ ಮೂರನೆಯ ಸಲಕ್ಕೂ ಕೇಳಿಸುವುದಿಲ್ಲ ಎಂದು ಹೆಂಡತಿ ಹೇಳುತ್ತಾಳೆ.

ಆ ಬೆಳಿಗ್ಗೆ ಮನೆಯ ಪಡಸಾಲೆಯಲ್ಲಿ ಗಿರಾಕಿಯಾಗಿ ಕೂತಿದ್ದವನು ಸ್ವಂತ ಭಾಮೈದ. ಹಿಂದಿನ ಚಕ್ರದ ಬ್ರೇಕ್ ಡ್ರಮ್ ಸೀಳಿ, ಅವನ ಲಾರಿ ಐದು ವಾರದಿಂದ ಮರದ ದಿಮ್ಮಿಗಳ ಮೇಲೆ ಕಾಲೆತ್ತಿಕೊಂಡು ನಿಂತಿತ್ತು. ಇನ್ನೊಂದು ತಿಂಗಳಲ್ಲಿ ಅದು ಉರುಳದಿದ್ದರೆ ಸಿಮೆಂಟ್ ಕಾರ್ಖಾನೆಯ ಕೆಲಸ ಬೇರೆಯವರ ಪಾಲು. ಮೇಷ್ಟ್ರು ಏಳು ದೇಶ ಜಾಲಾಡಿದ ಮೇಲೆ, ಸಮುದ್ರದಾಚೆಯ ಒಂದು ಗುಜರಿ ಅಂಗಳದಲ್ಲಿ ಆ ಅಳತೆಯ ಡ್ರಮ್ ಸಿಕ್ಕಿತ್ತು. ಸಿಕ್ಕಿದ್ದು ಅದೊಂದೇ. ಅದೇ ಅಂಗಳದಲ್ಲಿ ನಿಂತಿದ್ದ ಕಂಟೇನರಿನ ಬಾಗಿಲು ಇಲ್ಲಿಯ ಹನ್ನೊಂದು ಗಂಟೆಗೆ ಮುಚ್ಚುತ್ತದೆ. ಮುಂದಿನದು ಹೊರಡುವುದು ನಲವತ್ತು ದಿನ ಕಳೆದ ಮೇಲೆ.

"ಭಾವ, ಹತ್ತೂವರೆ ಆಯ್ತು."

"ಹೆರಿಗೆ ನೋವೇನೋ ನಿಂಗೆ? ತೆಪ್ಪಗೆ ಕೂತ್ಕೋ."

ಫೋನಿನಲ್ಲಿ ನೀಲಿ ಅಂಗಿಯ ಗುಜರಿಯವನು ಕಾಣಿಸಿಕೊಂಡ. ಅವನಿಗೆ ಕನ್ನಡದಲ್ಲಿ ಬರುತ್ತಿದ್ದುದು ಮೇಷ್ಟ್ರು ಕಲಿಸಿದ ಎರಡೇ ಪದ: ಹೊಡಿ, ಇನ್ನೊಮ್ಮೆ. ಹಿಂದೆ ಸರಪಳಿಯಲ್ಲಿ ಡ್ರಮ್ ತೂಗುತ್ತಿತ್ತು. ಮೇಷ್ಟ್ರು ಕಣ್ಣು ಮುಚ್ಚಿ, ಇಡೀ ಸಮುದ್ರಕ್ಕೇ ಸುಮ್ಮನಿರು ಎನ್ನುವಂತೆ ಕೈ ಎತ್ತಿದರು.

"ಹೊಡಿ."

ಠಣ್ ಎಂದಿತು. ಆದರೆ ಅದರ ಬಾಲದಲ್ಲಿ ಝರ್ ಎಂಬ ನಡುಕ.

"ಇನ್ನೊಮ್ಮೆ."

ಮತ್ತೆ ಅದೇ ಝರ್. ಮೇಷ್ಟ್ರು ಹೆಬ್ಬೆರಳು ಕೆಳಗೆ ಮಾಡಿ ತೋರಿಸಿ ಫೋನ್ ಇಟ್ಟರು.

"ಬಿರುಕಿದೆ. ಕೂದಲೆಳೆಯಷ್ಟು. ಇಲ್ಲಿಂದ್ಲೇ ಕಾಣ್ತಿದೆ ನಂಗೆ."

ಭಾಮೈದನ ಜೀವವೇ ಬಾಯಿಗೆ ಬಂತು. ಆಮೇಲೆ ಅವನು ಮೆಲ್ಲಗೆ ಅಡುಗೆಮನೆಯತ್ತ ಕತ್ತು ಹೊರಳಿಸಿದ.

"ಭಾವ, ಫೋನ್ ಕಟ್ ಆಗಿದೆ. ಡ್ರಮ್ ಇನ್ನೂ ಝರ್ ಅಂತಾ ಇದೆ."

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಸೌಟು ಹಿಡಿದು ನಿಂತಿದ್ದಳು. "ಅದು ನನ್ನ ಪಾತ್ರೆ ಮುಚ್ಚಳ ಕಣ್ರೀ. ಮದುವೆಯಾದಾಗಿಂದ ಹೀಗೇ ನಡುಗ್ತಿದೆ. ಇವತ್ತು ಕೇಳಿಸ್ತಾ?"

ಮೇಷ್ಟ್ರ ಮುಖ ಹರಳೆಣ್ಣೆ ಕುಡಿದಂತಾಯಿತು. ಹೆಂಡತಿ ಒಲೆ ಆರಿಸಿದಳು, ಭಾಮೈದ ಫ್ಯಾನ್ ಆರಿಸಿದ. ಮೇಷ್ಟ್ರು ನಂಬರ್ ಒತ್ತಿದರು. ಎಂಗೇಜ್. ಹತ್ತು ಐವತ್ತು. ಮತ್ತೆ ಎಂಗೇಜ್. ಭಾಮೈದ ಗೋಡೆ ಗಡಿಯಾರದ ಮುಳ್ಳನ್ನು ಕಣ್ಣಲ್ಲೇ ಹಿಡಿದು ನಿಲ್ಲಿಸಿದ್ದ. ಐದನೆಯ ಸಲಕ್ಕೆ ನೀಲಿ ಅಂಗಿ ಕಾಣಿಸಿತು. ಡ್ರಮ್ಮನ್ನು ಸರಪಳಿಯಿಂದ ಅರ್ಧ ಇಳಿಸಿದ್ದ ಅವನು ಇವರ ಮುಖ ನೋಡಿ ತಾನೇ ಕೇಳಿದ:

"ಇನ್ನೊಮ್ಮೆ?"

"ಹೊಡಿಯಪ್ಪ, ಹೊಡಿ."

ಠಣ್... ಆ ನಾದ ಕೋಣೆ ತುಂಬಿ, ಮೂವರೂ ಉಸಿರು ಬಿಡುವವರೆಗೂ ಉಳಿಯಿತು. ಮೇಷ್ಟ್ರು ಇನ್ನೂ ಕಣ್ಣು ತೆರೆದಿರಲಿಲ್ಲ. ಹೆಂಡತಿಯೇ ಮುಂದೆ ಬಂದು ಫೋನಿಗೆ ಹೆಬ್ಬೆರಳು ಎತ್ತಿ ತೋರಿಸಿದಳು. ಹತ್ತು ಐವತ್ತೇಳಕ್ಕೆ ಡ್ರಮ್ ಕಂಟೇನರ್ ಹತ್ತಿತು.

ಇಪ್ಪತ್ತಾರನೆಯ ದಿನ ಆ ಡ್ರಮ್ ತೊಟ್ಟ ಭಾಮೈದನ ಲಾರಿ ಮನೆ ಮುಂದೆ ಬಂದು ನಿಂತು, ಬೀದಿಯ ಕಿವಿಯೆಲ್ಲ ಗುಂಯ್‌ಗುಡುವಂತೆ ಹಾರ್ನ್ ಹೊಡೆಯಿತು. ತಪ್ಪದ ಕಿವಿಯ ಮಾತನ್ನು ಮೇಷ್ಟ್ರು ಈಗಲೂ ಬಿಟ್ಟಿಲ್ಲ. ಆದರೆ ಫೋನ್ ಹಚ್ಚುವ ಮುಂಚೆ ಅಡುಗೆಮನೆಯ ಬಾಗಿಲಿಗೆ ಹೋಗಿ, "ಒಂಚೂರು ಒಲೆ ಆರಿಸ್ತೀಯಾ?" ಎಂದು ಕೇಳುತ್ತಾರೆ.

ಮೂರನೆಯ ಸಲಕ್ಕೆ ಆಕೆಗೆ ಕೇಳಿಸುತ್ತದೆ.