ಹುಳಿ ಹಾಕಿ ತಿಕ್ಕಿದ ಹೆಲ್ಮೆಟ್

ಇವತ್ತು ಬೆಳಿಗ್ಗೆ ತೆಂಗಿನೆಣ್ಣೆಯ ಬಾಟಲಿ ತೆರೆದಾಗ ಬಂದ ವಾಸನೆಗೆ ನನಗೆ ಹೆಲ್ಮೆಟ್‌ಗಳ ನೆನಪಾಯಿತು. ನೀವು ನಗಬಹುದು. ಶಕ್ತಿನಗರದ ನಮ್ಮ ಮನೆಯಲ್ಲಿ ತೆಂಗಿನೆಣ್ಣೆ ಹೆಚ್ಚು ಖರ್ಚಾಗುತ್ತಿದ್ದದ್ದು ಒಗ್ಗರಣೆಗಲ್ಲ, ನನ್ನ ಸೋದರಮಾವನ ಹನ್ನೊಂದು ಹೆಲ್ಮೆಟ್‌ಗಳಿಗೆ. ಕಡಲ ಗಾಳಿಗೆ ಕಬ್ಬಿಣ ಉಳಿಯುವುದಿಲ್ಲ ನೋಡಿ. ಪ್ರತಿ ಭಾನುವಾರ ಬಟ್ಟೆಯ ತುಂಡನ್ನು ಎಣ್ಣೆಗೆ ಅದ್ದಿ ಒಂದೊಂದಾಗಿ ಒರೆಸುತ್ತಿದ್ದರು.

ಎಲ್ಲವೂ ಯುದ್ಧ ಕಂಡವು. ತೂತು ಬಿದ್ದದ್ದು, ಅಂಚು ಮಡಚಿದ್ದು, ಪಟ್ಟಿ ಸುಟ್ಟದ್ದು. ಮಾವ ಮಾತ್ರ ಯುದ್ಧ ಕಂಡವರಲ್ಲ. ಹರೆಯದಲ್ಲಿ ಸೇನೆಗೆ ಸೇರಲು ಹೋಗಿ, ಕಣ್ಣು ಸಾಲದೆಂದು ವಾಪಸು ಬಂದು, ಬಂದರ್‌ನ ಗೋದಾಮೊಂದರಲ್ಲಿ ಮೆಣಸಿನ ಮೂಟೆಗಳ ನಡುವೆ ನಿವೃತ್ತರಾದವರು. ಅಲ್ಲಿಯ ಗುಜರಿ ಅಂಗಡಿಯವರಿಗೆಲ್ಲ ಅವರ ಹುಚ್ಚು ಗೊತ್ತಿತ್ತು. ನಿವೃತ್ತ ಸೈನಿಕರೂ ತಂದುಕೊಡುತ್ತಿದ್ದರು. ತಂದವರು ಹೆಲ್ಮೆಟನ್ನು ಮಡಿಲಲ್ಲಿಟ್ಟುಕೊಂಡೇ ಚಾ ಕುಡಿಯಬೇಕು. ಮಾವ ಒಂದೊಂದು ಗಾಯಕ್ಕೂ ಬೆರಳಿಟ್ಟು, "ಇದು ಎಂತದ್ದು?" ಎಂದು ಕೇಳಿ, ಉತ್ತರವನ್ನು ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಒಬ್ಬರು ದೊಡ್ಡ ತಗ್ಗೊಂದನ್ನು ತೋರಿಸಿ, "ಅದು ಶತ್ರುವಿನದ್ದಲ್ಲ ಮಾರಾಯ್ರೆ, ನಮ್ಮದೇ ಅಡುಗೆಯವ ಅದರ ಮೇಲೆ ತೆಂಗಿನಕಾಯಿ ಒಡೆದದ್ದು" ಎಂದಿದ್ದರು. ಮಾವ ಅದನ್ನೂ ಬರೆದುಕೊಂಡರು. ತಗ್ಗು ತಟ್ಟುವುದಕ್ಕೆ, ತುಕ್ಕು ಉಜ್ಜುವುದಕ್ಕೆ ಮನೆಯಲ್ಲಿ ಯಾರಿಗೂ ಅನುಮತಿಯಿರಲಿಲ್ಲ.

ಗುಜರಿಯಿಂದ ಬಂದ ಒಂದು ಹೆಲ್ಮೆಟ್‌ಗೆ ಮಾತ್ರ ಕಥೆ ಇರಲಿಲ್ಲ. ಎಡಗಿವಿಯ ಮೇಲೆ ತೂತು. ಒಳಗಿನ ಹಸಿರು ಬಣ್ಣದ ಮೇಲೆ ಯಾರೋ ಮೊಳೆಯಿಂದ ಕನ್ನಡದಲ್ಲಿ ಗೀಚಿದ ಹೆಸರು: ಐತಪ್ಪ. ಮಾವ ಆರು ವರ್ಷ ಐತಪ್ಪನ ಮನೆಯವರನ್ನು ಹುಡುಕಿದರು. ಕಾಸರಗೋಡು, ಕಾರ್ಕಳ ಎಂದು ತಿರುಗಿದರು. ಕೊನೆಗೆ ಸಿಕ್ಕಿದ ತಂಗಿ ಕಮಲಕ್ಕ ಇದ್ದದ್ದು ಬಿಕರ್ನಕಟ್ಟೆಯಲ್ಲಿ, ನಮ್ಮ ಮನೆಯಿಂದ ನಡೆದೇ ಹೋಗಬಹುದಾದಷ್ಟು ಹತ್ತಿರ. ಅಣ್ಣ ಸತ್ತನೆಂಬ ಕಾಗದ ಬಂದಿತ್ತಂತೆ, ಅವನದೆನ್ನುವ ಒಂದು ವಸ್ತುವೂ ಬರಲಿಲ್ಲವಂತೆ. "ಅವ ಬರೆದ ಹೆಸರು ಒಮ್ಮೆ ಮುಟ್ಟಿ ನೋಡಬೇಕು, ಭಾನುವಾರ ಬರ್ತೇನೆ" ಎಂದು ಹೇಳಿಕಳಿಸಿದರು.

ಆ ಭಾನುವಾರ ಮಾವ ಚಾದ ಜೊತೆಗೆ ಬನ್ಸ್ ತರಲು ಹೋಗಿದ್ದರು. ಒಂದು ಲೋಟ ತೊಳೆಯದವಳೆಂದು ದಿನವೂ ಬೈಸಿಕೊಳ್ಳುತ್ತಿದ್ದ ನನಗೆ ಅವತ್ತೇ ಉತ್ಸಾಹ ಬರಬೇಕೇ! ಅಷ್ಟು ಆಸೆಯಿಂದ ಬರುವವರ ಕೈಗೆ ತುಕ್ಕು ಹಿಡಿದದ್ದನ್ನು ಕೊಡುವುದೇ ಎಂದು, ಹಬ್ಬಕ್ಕೆ ಹಿತ್ತಾಳೆ ಪಾತ್ರೆ ತಿಕ್ಕುವ ಹಾಗೆ, ಹುಳಿ, ಬೂದಿ, ತೆಂಗಿನ ನಾರು ಹಾಕಿ ಒಳಗೂ ಹೊರಗೂ ತಿಕ್ಕಿದೆ. ನೀರು ಹೊಯ್ದಾಗ ಹಸಿರು ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದುಹೋಯಿತು. ಆರು ವರ್ಷ ಹುಡುಕಿದ ಐತಪ್ಪ ಬಚ್ಚಲಿನ ನೀರಿನ ಜೊತೆ ಹೋದ.

ಹೇಳುವ ಧೈರ್ಯ ಬರಲಿಲ್ಲ. ಒರೆಸಿ ಇದ್ದಲ್ಲೇ ಇಟ್ಟೆ. ಕಮಲಕ್ಕ ಬಂದು ಕುಳಿತರು. ಮಾವ ಹೆಲ್ಮೆಟನ್ನು ಅವರ ಮಡಿಲಲ್ಲಿಟ್ಟು ಒಳಗೆ ನೋಡಿದರು. ನನ್ನನ್ನು ನೋಡಿದರು. ಮತ್ತೆ ಒಳಗೆ ನೋಡಿದರು.

"ನನಗೆ ಓದಲಿಕ್ಕೆ ಬರುವುದಿಲ್ಲ. ಎಲ್ಲಿ ಉಂಟು?" ಎಂದರು ಕಮಲಕ್ಕ.

ಮಾವ ಅವರ ಬೆರಳು ಹಿಡಿದು, ಬರೀ ಉಕ್ಕಿನ ಮೇಲೆ ನಿಧಾನವಾಗಿ ಮೂರು ಅಕ್ಷರ ಬರೆಸಿದರು. "ಇಲ್ಲಿ."

ಕಮಲಕ್ಕ ಕಣ್ಣು ಮುಚ್ಚಿಕೊಂಡು ತಾವೇ ಇನ್ನೊಮ್ಮೆ ಬರೆದರು.

ಗೇಟಿನ ತನಕ ಬಿಡಲು ಹೋದಾಗ ನನ್ನ ಕೈ ಹಿಡಿದು ಮೂಸಿದರು. "ಹುಳಿ ಅಲ್ವಾ ಮಗಾ? ಪಾತ್ರೆ ತಿಕ್ಕಿಯೇ ನಾನು ಮುದುಕಿಯಾದದ್ದು. ನನಗೆ ಗೊತ್ತಾಯಿತು ಅಂತ ನಿನ್ನ ಮಾವನಿಗೆ ಹೇಳಬೇಡ. ಪಾಪ, ಬೇಜಾರು ಮಾಡಿಕೊಳ್ತಾರೆ."

ನಾನು ಹೇಳಲಿಲ್ಲ. ಮಾವನೂ ಕೇಳಲಿಲ್ಲ. ಒಮ್ಮೆ ಬೈದಿದ್ದರೆ ಎಷ್ಟು ಚೆನ್ನಾಗಿತ್ತು! ಈಗ ಬೈಯಲು ಅವರಿಲ್ಲ, ಕಮಲಕ್ಕನೂ ಇಲ್ಲ. ಮಾವ ಹೋದ ಮೇಲೆ ಆ ಹೆಲ್ಮೆಟ್‌ಗಳನ್ನು ನಾನು ಮುಟ್ಟಿಯೇ ಇರಲಿಲ್ಲ.

ಇವತ್ತು ಎಲ್ಲವನ್ನೂ ಕೆಳಗಿಳಿಸಿದೆ. ಎಣ್ಣೆ ಒರೆಸುತ್ತ ಒರೆಸುತ್ತ ಮಾವನ ನೋಟ್‌ಪುಸ್ತಕವನ್ನೂ ಬಿಡಿಸಿದೆ. ಐತಪ್ಪನ ಪುಟದಲ್ಲಿ ಅವರ ಉರುಟು ಅಕ್ಷರ: "ತೂತು: ಗುಂಡು. ಅಂಚಿನ ತಗ್ಗು: ಗುಜರಿ ಲಾರಿ. ಒಳಗೆ ಬಣ್ಣ ಹೋದದ್ದು:"

ಅದರ ಮುಂದೆ ಎರಡು ಸಾಲು ಖಾಲಿ ಬಿಟ್ಟಿದ್ದರು. ಎಷ್ಟೋ ಹೊತ್ತು ಅಳುತ್ತಾ ಕುಳಿತೆ. ಆಮೇಲೆ ಎಣ್ಣೆಗೈಯಲ್ಲೇ ಪೆನ್ನು ಹಿಡಿದು ಬರೆದೆ: "ನಾನೇ, ಮಾವ, ಹುಳಿ ಹಾಕಿ ತಿಕ್ಕಿದ್ದು. ಕಮಲಕ್ಕನಿಗೆ ಅವತ್ತೇ ಗೊತ್ತಾಗಿತ್ತು, ನಿಮಗೆ ಹೇಳಬೇಡ ಅಂದಿದ್ದರು."